ಪದವಿ ಕೊಟ್ಟು ಕೈತೊಳೆದುಕೊಳ್ಳುವ ಕಾಲೇಜುಗಳು

ಮೇ ತಿಂಗಳು ಬಂತೆಂದರೆ ಪೇಟೆಯ ವೃತ್ತಗಳಲ್ಲಿ, ಬಸ್ ನಿಲ್ದಾಣದ ಕಂಬಗಳಲ್ಲಿ, ಮಸೀದಿಯ ಎದುರಿನ ಗೋಡೆಗಳಲ್ಲಿ ಕಾಲೇಜುಗಳ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ನಾಲ್ಕು ಅಂತಸ್ತಿನ ಕಟ್ಟಡ, ಹಳದಿ ಬಸ್ಸು, ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ, ಕೆಳಗೆ ಆಡಳಿತ ಮಂಡಳಿಯ ಸರ್ವ ಸದಸ್ಯರ ಭಾವಚಿತ್ರ. ಅಂಚಿನಲ್ಲಿ ಒಂದು ಪಟ್ಟಿ: ಉದ್ಯೋಗ ಮಾರ್ಗದರ್ಶನ ಕೇಂದ್ರ, ಪರಿಹಾರ ಬೋಧನೆ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ, ವ್ಯಕ್ತಿತ್ವ ವಿಕಸನ. ಮಗಳ ಪಿಯುಸಿ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಊರೂರು ಅಲೆಯುವ ತಂದೆಗೆ ಆ ಪಟ್ಟಿ ಒಂದು ಭರವಸೆ. ತಾನು ಓದಿಲ್ಲ, ಮಗುವಿಗೆ ದಾರಿ ತೋರಿಸಲು ತನ್ನಿಂದಾಗದು, ಕಾಲೇಜಾದರೂ ತೋರಿಸೀತು ಎಂಬ ಭರವಸೆ.

ಆ ಭರವಸೆ ಎಷ್ಟರ ಮಟ್ಟಿಗೆ ಈಡೇರುತ್ತಿದೆ?

ಕೆಲ ಸಮಯದ ಹಿಂದೆ ಸಮುದಾಯದವರೇ ನಡೆಸುವ ಪದವಿ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಸಭೆ ಮುಗಿದು ಚಹಾ ಕುಡಿಯುವಾಗ ಅಧ್ಯಕ್ಷರಲ್ಲಿ ಸಾಮಾನ್ಯ ಪ್ರಶ್ನೆಯೊಂದನ್ನು ಕೇಳಿದೆ: ‘ಮೂರು ವರ್ಷಗಳ ಹಿಂದೆ ಇಲ್ಲಿಂದ ಹೊರಬಿದ್ದ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಸಾಹೇಬರೇ?’ ಅವರು ಪ್ರಾಂಶುಪಾಲರ ಮುಖ ನೋಡಿದರು. ಪ್ರಾಂಶುಪಾಲರು ಉಪನ್ಯಾಸಕರೊಬ್ಬರ ಮುಖ ನೋಡಿದರು. ಆ ಉಪನ್ಯಾಸಕರು ಪ್ರಾಮಾಣಿಕರು. ‘ಪ್ಲೇಸ್‌ಮೆಂಟ್ ಸೆಲ್‌ನ ಫೈಲ್ ಇದೆ ಸರ್, ನ್ಯಾಕ್ ತಂಡ ಬರುವಾಗ ಮಾಡಿದ್ದು. ಆಮೇಲೆ ಬರೆದಿಲ್ಲ’ ಎಂದರು. ಕಟ್ಟಡದ ಮೂರನೆಯ ಅಂತಸ್ತಿಗೆ ಎಷ್ಟು ಚೀಲ ಸಿಮೆಂಟು ಹೋಯಿತೆಂದು ಬಾಯಿಪಾಠವಾಗಿ ಹೇಳಬಲ್ಲ ಆಡಳಿತ ಮಂಡಳಿಗೆ, ಆ ಕಟ್ಟಡದಿಂದ ಹೊರಹೋದ ಮಕ್ಕಳು ಎಲ್ಲಿದ್ದಾರೆಂದು ಗೊತ್ತಿರಲಿಲ್ಲ.

ಇದು ಒಂದು ಕಾಲೇಜಿನ ಕತೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಶ್ರದ್ಧೆಯಿಂದ ದುಡಿಯುವ ಸಂಸ್ಥೆಗಳು ನಮ್ಮ ನಡುವೆ ಇವೆ. ಅವುಗಳ ಮಾತನ್ನು ಮುಂದೆ ಆಡುವೆ. ಆದರೆ ಪ್ರವೇಶ ಕೊಡುವುದು, ಶುಲ್ಕ ಪಡೆಯುವುದು, ಪರೀಕ್ಷೆ ಬರೆಸುವುದು, ಪದವಿ ಪತ್ರ ಕೊಟ್ಟು ಕೈತೊಳೆದುಕೊಳ್ಳುವುದು, ಇಷ್ಟೇ ಕಾಲೇಜಿನ ಕರ್ತವ್ಯವೆಂಬ ಭಾವನೆ ನಮ್ಮ ಅನೇಕ ಆಡಳಿತ ಮಂಡಳಿಗಳಲ್ಲಿ ಬೇರೂರಿದೆ. ಈ ಬರಹ ಆ ಭಾವನೆಯ ವಿರುದ್ಧ.

ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದಾಗ ನಾವೆಲ್ಲ ಅದರ ಅಂಕಿಅಂಶಗಳನ್ನು ವೇದಿಕೆಗಳಲ್ಲಿ ಉದ್ಧರಿಸಿದೆವು. ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4. ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ ಇಪ್ಪತ್ತೈದು ಮಂದಿಗೆ ಒಬ್ಬ ಮುಸ್ಲಿಮ್, ಸ್ನಾತಕೋತ್ತರದಲ್ಲಿ ಐವತ್ತಕ್ಕೆ ಒಬ್ಬ. ಆ ವರದಿ ಬಂದು ಎರಡು ದಶಕಗಳಾಗುತ್ತಾ ಬಂದಿವೆ. ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2014-15ರಲ್ಲಿ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿದ್ದ ಮುಸ್ಲಿಮ್ ವಿದ್ಯಾರ್ಥಿಗಳು 15.34 ಲಕ್ಷ, 2021-22ರಲ್ಲಿ 21.1 ಲಕ್ಷ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು. ಸಂತೋಷದ ಸಂಗತಿಯೇ. ಆದರೆ ಅದೇ ವರ್ಷ ಒಟ್ಟು ವಿದ್ಯಾರ್ಥಿಗಳು 4.33 ಕೋಟಿ. ಅಂದರೆ 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಶೇ. 14.2 ಇರುವ ಸಮುದಾಯ ಕಾಲೇಜಿನಲ್ಲಿ ಶೇ. 5ನ್ನೂ ತಲುಪಿಲ್ಲ. ಇಷ್ಟು ಕಷ್ಟಪಟ್ಟು ಕಾಲೇಜಿನ ಹೊಸ್ತಿಲು ದಾಟಿದ ಈ ಮಕ್ಕಳನ್ನು ಒಳಗೆ ಏನು ಮಾಡುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಿಲ್ಲ.

ಒಳಗೆ ನಡೆಯುವುದನ್ನು ನೋಡೋಣ. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಯನ್ನು ಹೇಗೋ ದಾಟಿದ ವಿದ್ಯಾರ್ಥಿ ಬಿಕಾಂಗೆ ಸೇರುತ್ತಾನೆ. ಪಠ್ಯಪುಸ್ತಕ ಇಂಗ್ಲಿಷ್, ಪಾಠ ಇಂಗ್ಲಿಷ್, ಉತ್ತರ ಬರೆಯಬೇಕಾದುದೂ ಇಂಗ್ಲಿಷಿನಲ್ಲೇ. ಲೆಕ್ಕಶಾಸ್ತ್ರದ ಲೆಕ್ಕ ಅವನಿಗೆ ಕಷ್ಟವಲ್ಲ. ಅಂಗಡಿಯಲ್ಲಿ ತಂದೆಯ ಜೊತೆ ಕುಳಿತವನಿಗೆ ಜಮಾ-ಖರ್ಚು ಹೊಸತೂ ಅಲ್ಲ. ಕಷ್ಟವಿರುವುದು ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳುವಲ್ಲಿ. ಮೊದಲ ಆರು ವಾರಗಳಲ್ಲಿ ಅವನು ಹಿಂದಿನ ಬೆಂಚು ಸೇರುತ್ತಾನೆ, ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಸಿಕೊಳ್ಳುತ್ತಾನೆ, ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಮೊಬೈಲ್ ಅಂಗಡಿಯಲ್ಲೋ ಡೆಲಿವರಿ ಕೆಲಸದಲ್ಲೋ ಕಾಣಿಸಿಕೊಳ್ಳುತ್ತಾನೆ. ‘ಹುಡುಗನಿಗೆ ಓದಿನಲ್ಲಿ ಮನಸ್ಸಿಲ್ಲ’ ಎಂದು ಕಾಲೇಜು ಷರಾ ಬರೆಯುತ್ತದೆ. ತಂದೆಯೂ ನಂಬುತ್ತಾನೆ. ಆ ಆರು ವಾರಗಳಲ್ಲಿ ದಿನಕ್ಕೊಂದು ಗಂಟೆ ಅವನ ಪಕ್ಕ ಕುಳಿತು ಹೇಳಿಕೊಡುವವರಿದ್ದಿದ್ದರೆ ಈ ಷರಾ ಬೇಕಾಗುತ್ತಿರಲಿಲ್ಲ. ಪ್ರಾಥಮಿಕ ಶಾಲೆಗಳಲ್ಲಿ ವರ್ಷಾರಂಭದಲ್ಲಿ ‘ಸೇತುಬಂಧ’ ನಡೆಸಿ ಹಿಂದಿನ ತರಗತಿಯ ಕೊರತೆಯನ್ನು ತುಂಬುತ್ತಾರೆ. ಆರನೆಯ ತರಗತಿಯ ಮಗುವಿಗೆ ಬೇಕಾದ ಸೇತುವೆ ಹದಿನೆಂಟರ ಯುವಕನಿಗೆ ಬೇಡವೇ?

ಇನ್ನು ಹೇಗೋ ತೇರ್ಗಡೆಯಾದವರ ಸ್ಥಿತಿ. ಇಲ್ಲಿ ಹೆತ್ತವರು ಗಮನಿಸದ ಸತ್ಯವೊಂದಿದೆ. ತೇರ್ಗಡೆಯಾಗುವುದು ಬೇರೆ, ಅರ್ಹತೆ ಪಡೆಯುವುದು ಬೇರೆ. ಬಿ.ಎಡ್. ಸೇರಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಕನಿಷ್ಠ ಶೇ. 50 ಅಂಕ ಬೇಕು. ಬಿಕಾಂನಲ್ಲಿ ಶೇ. 55 ಬಂದರೆ ಲೆಕ್ಕಪರಿಶೋಧಕರ ಕೋರ್ಸಿನ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ವಾಣಿಜ್ಯೇತರ ಪದವೀಧರರಿಗೆ ಆ ಮಿತಿ ಶೇ. 60. ಶೇ. 43 ಪಡೆದು ‘ಪಾಸಾದ’ ವಿದ್ಯಾರ್ಥಿಗೆ ಈ ಬಾಗಿಲುಗಳೆಲ್ಲ ಮುಚ್ಚಿದಂತೆಯೇ. ಆ ಏಳು, ಹನ್ನೆರಡು ಅಂಕಗಳ ಅಂತರವನ್ನು ತುಂಬುವ ಕೆಲಸಕ್ಕೇ ಪರಿಹಾರ ಬೋಧನೆ ಎಂದು ಹೆಸರು. ಕಾಲೇಜು ತನ್ನ ‘ಶೇ. 90 ಫಲಿತಾಂಶ’ವನ್ನು ಫ್ಲೆಕ್ಸ್‌ನಲ್ಲಿ ಮುದ್ರಿಸುತ್ತದೆ. ಆ ತೊಂಬತ್ತರಲ್ಲಿ ಎಷ್ಟು ಮಂದಿ ಶೇ. 55 ದಾಟಿದರು ಎಂಬುದನ್ನು ಮುದ್ರಿಸುವುದಿಲ್ಲ. ಈ ಅರ್ಹತೆಯ ಅಂಕಗಳ ಪಟ್ಟಿಯನ್ನು ಪ್ರಥಮ ವರ್ಷದ ಮಕ್ಕಳ ಮುಂದೆ ಒಂದು ದಿನವಾದರೂ ಓದಿ ಹೇಳಿದ ಕಾಲೇಜುಗಳೆಷ್ಟು?

ಉದ್ಯೋಗ ತರಬೇತಿಯ ಕತೆಯೂ ಇಷ್ಟೇ. ವರ್ಷಕ್ಕೊಮ್ಮೆ ಯಾರನ್ನೋ ಕರೆಸಿ ಎರಡು ಗಂಟೆ ‘ಕನಸು ಕಾಣಿರಿ’ ಎಂದು ಭಾಷಣ ಮಾಡಿಸಿ, ಶಾಲು ಹೊದಿಸಿ, ಫೋಟೋ ತೆಗೆದು ಪತ್ರಿಕೆಗೆ ಕಳುಹಿಸಿದರೆ ತರಬೇತಿ ಮುಗಿಯಿತು. ರಾಷ್ಟ್ರೀಕೃತ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂಬ ತೀರ್ಮಾನ 2021ರಲ್ಲೇ ಆಯಿತು. ಆ ಪೂರ್ವಭಾವಿ ಪರೀಕ್ಷೆಯಲ್ಲಿ 100 ಪ್ರಶ್ನೆಗಳಿಗೆ 60 ನಿಮಿಷ. ಪ್ರಶ್ನೆಗಳು ಹೈಸ್ಕೂಲು ಮಟ್ಟದವು. ಆದರೆ ವೇಗ ಬೇಕು. ಆ ವೇಗ ಭಾಷಣ ಕೇಳಿದರೆ ಬರುವುದಿಲ್ಲ, ತಿಂಗಳುಗಟ್ಟಲೆ ಗಡಿಯಾರ ಮುಂದಿಟ್ಟು ಅಭ್ಯಾಸ ಮಾಡಿದರೆ ಬರುತ್ತದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಂಜೆ ನಾಲ್ಕರ ನಂತರ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಆರೂವರೆಯ ತನಕ ತೆರೆದಿಟ್ಟು, ವಾರಕ್ಕೆರಡು ಮಾದರಿ ಪರೀಕ್ಷೆ ನಡೆಸಲು ಯಾವ ಅನುದಾನ ಬೇಕು?

ಇಲ್ಲಿ ಕೆಲವರು ಎದ್ದು ನಿಲ್ಲುತ್ತಾರೆ. ‘ಎಷ್ಟು ಓದಿದರೂ ನಮ್ಮವರಿಗೆ ಯಾರು ಕೆಲಸ ಕೊಡುತ್ತಾರೆ? ಹೆಸರು ನೋಡಿಯೇ ಅರ್ಜಿ ಬದಿಗಿಡುವ ಕಾಲ ಇದು.’ ಈ ನೋವು ಸುಳ್ಳಲ್ಲ. ತಾರತಮ್ಯವಿಲ್ಲವೆಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. ಆದರೆ ತಾರತಮ್ಯವಿದೆ ಎಂಬ ಕಾರಣಕ್ಕೇ ನಮ್ಮ ಮಕ್ಕಳಿಗೆ ಇತರರಿಗಿಂತ ಹೆಚ್ಚಿನ ಸಿದ್ಧತೆ ಬೇಕು. ಗಣಕದ ಮುಂದೆ ಬರೆಯುವ ಬ್ಯಾಂಕ್ ಪರೀಕ್ಷೆಯಲ್ಲಿ ಯಂತ್ರ ಹೆಸರು ನೋಡುವುದಿಲ್ಲ. ಅಲ್ಲಿಯೂ ನಾವು ಅರ್ಜಿಯನ್ನೇ ಹಾಕದಿದ್ದರೆ ದೋಷ ಯಾರದು? 2023ರ ಮಾರ್ಚ್‌ನಲ್ಲಿ ಆಗಿನ ರಾಜ್ಯ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಕಿತ್ತುಹಾಕಲು ಹೊರಟಾಗ ನಾವು ಬೀದಿಗಿಳಿದೆವು, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದೆವು. ಆದೇಶವನ್ನು ಸದ್ಯ ಜಾರಿಗೊಳಿಸುವುದಿಲ್ಲವೆಂದು ಸರಕಾರ ಅಲ್ಲಿ ಹೇಳಬೇಕಾಯಿತು. ಆ ಹೋರಾಟ ನ್ಯಾಯವಾದುದು. ಆದರೆ ಮೀಸಲಾತಿ ಉಪಯೋಗಕ್ಕೆ ಬರುವುದು ಅರ್ಹತಾ ಅಂಕ ದಾಟಿ ಪರೀಕ್ಷೆ ಬರೆದವನಿಗೆ. ಮೀಸಲಾತಿಗಾಗಿ ಬೀದಿಗಿಳಿದ ನಾವು ಅದರ ಲಾಭ ಪಡೆಯಬಲ್ಲ ಅಭ್ಯರ್ಥಿಗಳನ್ನು ಸಿದ್ಧಪಡಿಸಲು ತರಗತಿಯ ಬಾಗಿಲನ್ನೂ ತೆರೆಯದಿರುವುದು ಎಂತಹ ವಿಪರ್ಯಾಸ!

ಹಾಗೆಂದು ಸರಕಾರಗಳನ್ನು ಬಿಟ್ಟುಬಿಡುವಂತಿಲ್ಲ. ಹನ್ನೊಂದು ಮತ್ತು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ, ಅಂದರೆ 2007ರಿಂದ 2017ರ ತನಕ, ಪರಿಶಿಷ್ಟರು, ಹಿಂದುಳಿದವರು ಮತ್ತು ಅಲ್ಪಸಂಖ್ಯಾತರ ಪರಿಹಾರ ಬೋಧನೆಗೆ, ಉದ್ಯೋಗ ಪ್ರವೇಶ ಪರೀಕ್ಷೆಗಳ ತರಬೇತಿಗೆ ಯುಜಿಸಿ ಕಾಲೇಜುಗಳಿಗೆ ಹಣ ಕೊಡುವ ಯೋಜನೆಗಳಿದ್ದವು. ಅಲ್ಪಸಂಖ್ಯಾತರಿಗೆ ಉಚಿತ ತರಬೇತಿ ನೀಡುವ ‘ನಯಾ ಸವೇರಾ’ ಇತ್ತು, ಅದು ನಿಂತಿತು. ವಿದೇಶ ವ್ಯಾಸಂಗದ ಸಾಲದ ಬಡ್ಡಿ ಭರಿಸುತ್ತಿದ್ದ ‘ಪಢೋ ಪರದೇಶ್’ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ನಿಲ್ಲಿಸಿರುವುದಾಗಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಲೋಕಸಭೆಯಲ್ಲೇ ಹೇಳಿತು. ಒಂದರಿಂದ ಎಂಟನೆಯ ತರಗತಿಯ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನೂ ಅದೇ ವರ್ಷ ಕಿತ್ತುಕೊಳ್ಳಲಾಯಿತು. ‘ಸಬ್‌ಕಾ ವಿಕಾಸ್’ ಎಂದು ಹೇಳುತ್ತಲೇ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ತೆಗೆಯುವ ರೀತಿ ಇದು. ರಾಜ್ಯದಲ್ಲಿ ‘ಯುವನಿಧಿ’ ಬಂತು. 2024ರ ಜನವರಿಯಿಂದ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಮಾಡಿದವರಿಗೆ 1,500 ರೂ., ಗರಿಷ್ಠ ಎರಡು ವರ್ಷ. ಹಸಿದವನಿಗೆ ಅದು ಆಸರೆಯೇ. ಆದರೆ ಎರಡು ವರ್ಷಗಳ ನಂತರ ಏನು ಎಂಬುದಕ್ಕೆ ಭತ್ತೆಯಲ್ಲಿ ಉತ್ತರವಿಲ್ಲ.

ಸರಕಾರದ ಹಣ ಬರುತ್ತಿದ್ದ ಕಾಲದಲ್ಲಿ ನಾವು ಮಾಡಿದ್ದೇನು ಎಂಬುದನ್ನೂ ಒಪ್ಪಿಕೊಳ್ಳಬೇಕು. ಪರಿಹಾರ ಬೋಧನೆಯ ಅನುದಾನ ಪಡೆದು, ಹಾಜರಿ ಪುಸ್ತಕದಲ್ಲಿ ಒಂದೇ ದಿನ ಒಂದೇ ಪೆನ್ನಿನಲ್ಲಿ ತಿಂಗಳಿಡೀ ಸಹಿ ಹಾಕಿಸಿದ ಪುಟಗಳನ್ನು ಕಣ್ಣಾರೆ ಕಂಡಿದ್ದೇನೆ. ನ್ಯಾಕ್‌ನ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿಗಳಿಗೆ ನೀಡುವ ಬೆಂಬಲ ಮತ್ತು ಅವರ ಮುನ್ನಡೆಗೆ ಸಂಬಂಧಿಸಿದ್ದು. ವಿದ್ಯಾರ್ಥಿವೇತನ, ಕೌಶಲ ತರಬೇತಿ, ಸ್ಪರ್ಧಾತ್ಮಕ ಪರೀಕ್ಷೆಗಳ ಮಾರ್ಗದರ್ಶನ, ಉದ್ಯೋಗ ಪಡೆದವರು, ಉನ್ನತ ವ್ಯಾಸಂಗಕ್ಕೆ ಹೋದವರು, ಎಲ್ಲದರ ಲೆಕ್ಕವನ್ನೂ ಅಲ್ಲಿ ಕೊಡಬೇಕು. ಇದು ಕಾಲೇಜು ತನ್ನನ್ನು ತಾನೇ ನೋಡಿಕೊಳ್ಳಲು ಇಟ್ಟ ಕನ್ನಡಿ. ನಾವು ಅದನ್ನು ತಂಡ ಬರುವ ಮೂರು ದಿನಗಳಿಗೆ ಮಾತ್ರ ಒರೆಸಿ ಇಡುತ್ತೇವೆ. ಅಮಾನತ್ ಎಂದರೆ ಹಣ ಮಾತ್ರವಲ್ಲ. ನಮ್ಮನ್ನು ನಂಬಿ ಹೆತ್ತವರು ಒಪ್ಪಿಸಿದ ಮೂರು ವರ್ಷಗಳೂ ಅಮಾನತ್ತೇ.

ಹೆಣ್ಣುಮಕ್ಕಳ ವಿಚಾರದಲ್ಲಿ ಈ ಹೊಣೆ ಇನ್ನೂ ಭಾರವಾದುದು. 2022ರಲ್ಲಿ ಉಡುಪಿಯಿಂದ ಆರಂಭವಾದ ಹಿಜಾಬ್ ವಿವಾದ, ಆ ವರ್ಷದ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು, ಇವೆಲ್ಲದರ ನಡುವೆ ಅನೇಕ ಹುಡುಗಿಯರು ಸರಕಾರಿ ಕಾಲೇಜುಗಳನ್ನು ತೊರೆದು ಸಮುದಾಯದ ಸಂಸ್ಥೆಗಳಿಗೆ ಬಂದರು. ಅವರನ್ನು ನಾವು ತೆರೆದ ತೋಳಿನಿಂದ ಸ್ವಾಗತಿಸಿದೆವು, ವೇದಿಕೆಗಳಲ್ಲಿ ಧೀರ ಪುತ್ರಿಯರೆಂದು ಕೊಂಡಾಡಿದೆವು. ಅವರಲ್ಲಿ ಹಲವರಿಗೆ ವಿಜ್ಞಾನ ಬೇಕಿತ್ತು, ನಮ್ಮಲ್ಲಿ ವಾಣಿಜ್ಯ ಮಾತ್ರವಿತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರಬೇಕೆಂಬ ಛಲವಿತ್ತು, ನಮ್ಮಲ್ಲಿ ತರಬೇತುದಾರರಿರಲಿಲ್ಲ. ವಸ್ತ್ರದ ಹಕ್ಕಿಗಾಗಿ ಇಷ್ಟೆಲ್ಲ ಸಹಿಸಿದ ಹುಡುಗಿಗೆ ನಾವು ಕೊಟ್ಟದ್ದು ಎರಡನೆಯ ದರ್ಜೆಯ ಶಿಕ್ಷಣವಾದರೆ, ಆಕೆಯನ್ನು ಹೊರದಬ್ಬಿದವರಿಗೂ ನಮಗೂ ಪರಿಣಾಮದಲ್ಲಿ ವ್ಯತ್ಯಾಸವೇನು? ಕೊನೆಯ ವರ್ಷದ ರ್‍ಯಾಂಕ್ ವಿಜೇತೆಗೆ ಚಿನ್ನದ ಪದಕ ತೊಡಿಸುವ ಹಿರಿಯರೇ, ‘ಇನ್ನು ಓದಿದ್ದು ಸಾಕು, ಒಳ್ಳೆಯ ಸಂಬಂಧ ನೋಡಿ’ ಎಂದು ಆಕೆಯ ತಂದೆಯ ಕಿವಿಯಲ್ಲಿ ಹೇಳುವುದನ್ನೂ ಕೇಳಿದ್ದೇನೆ. ಮದುವೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಶಿಕ್ಷಕಿ, ಲೆಕ್ಕಪರಿಶೋಧಕಿ, ಪ್ರಯೋಗಾಲಯದ ತಂತ್ರಜ್ಞೆ ಆಗುವ ದಾರಿಯನ್ನು ಆಕೆಗೆ ತೋರಿಸಿಯಾದರೂ ಆಯ್ಕೆಯನ್ನು ಆಕೆಗೆ ಬಿಡಬಹುದಲ್ಲವೇ?

ಗಂಡುಮಕ್ಕಳ ವಿಷಯದಲ್ಲಿ ಕರಾವಳಿಯ ಕುಟುಂಬಗಳಿಗೆ ಒಂದು ಭ್ರಮೆ ಉಳಿದಿದೆ. ಏನೂ ಆಗದಿದ್ದರೆ ಗಲ್ಫ್ ಇದೆ, ಮಾವನ ಬಳಿ ವೀಸಾ ಇದೆ. ಸೌದಿ ಅರೇಬಿಯಾ 2011ರಲ್ಲಿ ನಿತಾಕತ್ ಜಾರಿಗೆ ತಂದು ತನ್ನ ಪ್ರಜೆಗಳಿಗೆ ಉದ್ಯೋಗ ಮೀಸಲಿಟ್ಟಿತು. 2017ರಿಂದ ವಿದೇಶಿ ಕಾರ್ಮಿಕರ ಅವಲಂಬಿತರ ಮೇಲೆ ಶುಲ್ಕ ಹೇರಿತು. ಸಂಸಾರ ಸಮೇತ ಊರಿಗೆ ಮರಳಿದವರು ನಮ್ಮ ಓಣಿಗಳಲ್ಲೇ ಇದ್ದಾರೆ; ಅವರನ್ನೇ ಕೇಳಿ. ಕೌಶಲವಿಲ್ಲದ ಪದವೀಧರನಿಗೆ ಅಲ್ಲಿಯೂ ಮೊದಲಿನ ಬೆಲೆಯಿಲ್ಲ.

‘ಹಣ ಎಲ್ಲಿಂದ?’ ಎಂಬುದು ಆಡಳಿತ ಮಂಡಳಿಗಳ ಕೊನೆಯ ಅಸ್ತ್ರ. ಪರಿಹಾರ ಬೋಧನೆಗೆ ಹೊಸ ಕಟ್ಟಡ ಬೇಡ, ಹವಾನಿಯಂತ್ರಿತ ಸಭಾಂಗಣ ಬೇಡ. ಇಂಗ್ಲಿಷ್, ಗಣಿತ, ತರ್ಕ ಹೇಳಿಕೊಡುವ ಮೂವರು ಬೋಧಕರು ಮತ್ತು ದಿನಕ್ಕೆರಡು ಗಂಟೆ ತೆರೆದಿರುವ ಕೋಣೆ ಸಾಕು. ನಮ್ಮ ಪೇಟೆಗಳಲ್ಲಿ ನಡೆಯುವ ಒಂದು ಆಡಂಬರದ ಮದುವೆಯ ಮಂಟಪ, ಬೆಳಕು, ಊಟದ ಖರ್ಚಿನಲ್ಲಿ ಒಂದು ಕಾಲೇಜಿನ ಇಡೀ ವರ್ಷದ ಸಂಜೆ ತರಗತಿ ನಡೆದೀತು. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ನಿವೃತ್ತ ಶಿಕ್ಷಕರು ಪ್ರತಿ ಜಮಾಅತ್‌ನಲ್ಲೂ ಇದ್ದಾರೆ. ಅವರನ್ನು ಮಸೀದಿಯ ಲೆಕ್ಕ ಬರೆಯಲು ಮಾತ್ರ ಕರೆಯುತ್ತೇವೆ.

ಮನಸ್ಸಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ರಾಜ್ಯದ ಅತ್ಯಂತ ಹಿಂದುಳಿದ ಭಾಗದಲ್ಲಿರುವ ಬೀದರ್‌ನಲ್ಲಿ 1989ರಲ್ಲಿ ಅಬ್ದುಲ್ ಖದೀರ್ ಅವರು ಒಂದು ಕೋಣೆಯಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಹೀನ್ ಸಂಸ್ಥೆಯನ್ನು ಆರಂಭಿಸಿದರು. ಅವರು ಬುದ್ಧಿವಂತ ಮಕ್ಕಳನ್ನು ಮಾತ್ರ ಆರಿಸಿಕೊಂಡು ಹೆಸರು ಮಾಡಲಿಲ್ಲ. ಹಿಂದುಳಿದ ಮಕ್ಕಳಿಗಾಗಿಯೇ ಆಸ್ಪತ್ರೆಯ ತೀವ್ರ ನಿಗಾ ಘಟಕದ ಮಾದರಿಯಲ್ಲಿ ‘ಅಕಾಡೆಮಿಕ್ ಐಸಿಯು’ ಎಂಬ ವಿಭಾಗ ತೆರೆದರು. ರೋಗಿ ಬದುಕುವುದಿಲ್ಲವೆಂದು ಮನೆಗೆ ಕಳುಹಿಸುವ ಬದಲು ಅವನ ಮೇಲೆ ಹೆಚ್ಚಿನ ನಿಗಾ ಇಡುವುದು ಅಲ್ಲಿಯ ತತ್ವ. ಕುರ್‌ಆನ್ ಕಂಠಪಾಠ ಮಾಡಿ, ಶಾಲೆಯ ಮುಖವನ್ನೇ ಕಾಣದ ಹಾಫಿಝ್‌ಗಳನ್ನು ಗಣಿತ-ವಿಜ್ಞಾನದ ಹಾದಿಗೆ ತಂದರು. ಅಲ್ಲಿಂದ ವೈದ್ಯಕೀಯ ಕಾಲೇಜು ಸೇರಿದವರೂ ಇದ್ದಾರೆ. ದಿಲ್ಲಿಯ ಜಾಮಿಯಾ ಮಿಲ್ಲಿಯಾದ ವಸತಿ ತರಬೇತಿ ಕೇಂದ್ರ ಅಲ್ಪಸಂಖ್ಯಾತರು, ಪರಿಶಿಷ್ಟರು ಮತ್ತು ಮಹಿಳೆಯರಿಗೆ ನಾಗರಿಕ ಸೇವಾ ಪರೀಕ್ಷೆಯ ತರಬೇತಿ ಕೊಡುತ್ತದೆ. 2021ನೇ ಸಾಲಿನ ಪರೀಕ್ಷೆಯಲ್ಲಿ ದೇಶಕ್ಕೆ ಪ್ರಥಮ ಸ್ಥಾನ ಪಡೆದ ಶ್ರುತಿ ಶರ್ಮಾ ಅಲ್ಲಿ ತರಬೇತಿ ಪಡೆದವರು. ಒಂದು ಸಮುದಾಯದ ಹೆಸರಿನ ಸಂಸ್ಥೆ ಎಲ್ಲ ಸಮುದಾಯದ ಮಕ್ಕಳಿಗೂ ನೆರಳಾಗಬಲ್ಲದು ಎಂಬ ಪಾಠವೂ ಅದರಲ್ಲಿದೆ. 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಕಟ್ಟಿದ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರಂತಹ ಹಿರಿಯರು ಸಂಸ್ಥೆಗಳನ್ನು ಕಟ್ಟಿಕೊಟ್ಟು ಹೋದರು. ಆ ಗೋಡೆಗಳ ಒಳಗೆ ನಡೆಯಬೇಕಾದ ಕೆಲಸ ನಮ್ಮ ಪಾಲಿನದು.

ಹೆತ್ತವರೇ, ಈ ಬಾರಿ ಮಗುವನ್ನು ಕಾಲೇಜಿಗೆ ಸೇರಿಸುವ ಮುನ್ನ ಕಟ್ಟಡ ನೋಡಬೇಡಿ. ಕಚೇರಿಯಲ್ಲಿ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಿ. ಕಳೆದ ವರ್ಷ ಪ್ರಥಮ ಸೆಮಿಸ್ಟರಿನಲ್ಲಿ ಅನುತ್ತೀರ್ಣರಾದವರಿಗೆ ನೀವೇನು ಮಾಡಿದಿರಿ? ನಿಮ್ಮ ಪದವೀಧರರಲ್ಲಿ ಶೇ. 55 ದಾಟಿದವರೆಷ್ಟು? ಮೂರು ವರ್ಷದ ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಪಟ್ಟಿ ತೋರಿಸುವಿರಾ? ನನ್ನ ಮಗಳು ಯಾವ ವಿಷಯದಲ್ಲಿ ಹಿಂದಿದ್ದಾಳೆಂದು ನನಗೆ ತಿಳಿಸುವ ಉಪನ್ಯಾಸಕರು ಯಾರು? ಉತ್ತರ ಬಾರದಿದ್ದರೆ ಬೇಸರಿಸದೆ ಮರುವಾರ ಮತ್ತೆ ಹೋಗಿ ಕೇಳಿ. ಹತ್ತು ಮಂದಿ ತಂದೆಯರು, ಹತ್ತು ಮಂದಿ ತಾಯಂದಿರು ಒಂದೇ ಪ್ರಶ್ನೆಯನ್ನು ಕೇಳಿದರೆ ಬೀಗ ಹಾಕಿದ ಲ್ಯಾಬ್ ತೆರೆಯಲೇಬೇಕಾಗುತ್ತದೆ.

ಆಡಳಿತ ಮಂಡಳಿಗಳ ಗೌರವಾನ್ವಿತ ಸದಸ್ಯರಲ್ಲೂ ಒಂದು ವಿನಂತಿ. ಮೊದಲ ದಿವ್ಯವಾಣಿಯೇ ಓದಿನ ಕುರಿತಾಗಿತ್ತೆಂದು ಪ್ರತಿ ವಾರ್ಷಿಕೋತ್ಸವದಲ್ಲೂ ನೀವು ಹೇಳುತ್ತೀರಿ, ಸಭಿಕರು ತಲೆದೂಗುತ್ತಾರೆ. ಮುಂದಿನ ವಾರ್ಷಿಕೋತ್ಸವದಲ್ಲಿ ಆ ಮಾತಿನ ನಂತರ ಒಂದು ಕಾಗದವನ್ನೂ ಓದಿ. ಈ ವರ್ಷ ನಮ್ಮಲ್ಲಿ ಹಿಂದುಳಿದವರು ಇಷ್ಟು, ಅವರಲ್ಲಿ ಕೈಹಿಡಿದು ಮೇಲೆತ್ತಿದ್ದು ಇಷ್ಟು, ಕೆಲಸಕ್ಕೆ ಸೇರಿದವರು ಇಷ್ಟು, ನಮ್ಮ ಕೈಯಿಂದ ಜಾರಿಹೋದವರು ಇಷ್ಟು ಎಂದು. ಸಂಖ್ಯೆ ಚಿಕ್ಕದಿದ್ದರೆ ನಾಚಿಕೆಯಿಲ್ಲ, ಮುಂದಿನ ವರ್ಷ ದೊಡ್ಡದಾದೀತು. ಆ ಕಾಗದವನ್ನು ಓದುವ ಧೈರ್ಯ ನಿಮಗಿಲ್ಲವೆಂದಾದರೆ, ಬರುವ ಮೇ ತಿಂಗಳಲ್ಲಿ ಫ್ಲೆಕ್ಸ್‌ನ ಅಂಚಿನಲ್ಲಿರುವ ಆ ಪಟ್ಟಿಯನ್ನಾದರೂ ಅಳಿಸಿಬಿಡಿ. ಓದುಬರಹ ತಿಳಿಯದ ತಂದೆಯೊಬ್ಬ ಅದನ್ನು ಮಗಳಿಂದ ಓದಿಸಿ ನಂಬುತ್ತಾನೆ.